ಕೋಣೆಯೊಳಗೆ ಹೇಳಿದ್ದಷ್ಟೇ

ನಗಬಾರದು, ತಲೆಯಾಡಿಸಬಾರದು, ಹುಬ್ಬು ಏರಿಸಬಾರದು. ಸಂದರ್ಶನ ಶುರುವಾಗುವ ಮೊದಲು ಗ್ಲೆಂಡಾ ನಮಗೆ ಹೇಳಿಕೊಟ್ಟ ಪಾಠ ಇದು. ಗ್ಲೆಂಡಾ ನಮ್ಮೂರ ಕಮ್ಯುನಿಟಿ ಕಾಲೇಜಿನ ನೇಮಕಾತಿ ಕಚೇರಿಯವಳು. ಆಯ್ಕೆ ಸಮಿತಿ ನಿಯಮ ಮೀರದಂತೆ ಮೂಲೆಯಲ್ಲಿ ಕೂತು ಕಾಯುವುದು ಅವಳ ಕೆಲಸ.

"ಬಂದವ್ರು ಏನೇ ಹೇಳ್ಲಿ, ನಿಮ್ಮ ಮುಖ ಗೋಡೆ ಥರ ಇರ್ಬೇಕು," ಅಂದಳು.

"ನನ್ನ ಗಂಡ ಮ್ಯಾನುಯೆಲ್ ಮದ್ವೆ ಆಗ್ತೀಯಾ ಅಂತ ಕೇಳ್ದಾಗ್ಲೂ ನನ್ನ ಮುಖ ಹಂಗೇ ಇತ್ತು ಕಣಮ್ಮ. ಪಾಪ, ಸಾಯೋವರೆಗೂ ಅವನಿಗೆ ಉತ್ತರ ಗೊತ್ತಾಗ್ಲಿಲ್ಲ," ಅಂದೆ.

ಯಾರೂ ನಗಲಿಲ್ಲ. ಗೋಡೆಯಾಗುವುದನ್ನು ಆಗಲೇ ಶುರು ಮಾಡಿದ್ದರು.

ನಾನು ಡೆಲ್ಫೀನಾ ಆವಿಲಾ, ಆ ಸಮಿತಿಯ ವಿದ್ಯಾರ್ಥಿ ಪ್ರತಿನಿಧಿ. ಎಪ್ಪತ್ತು ದಾಟಿದ ಮುದುಕಿ ಎಂಥ ವಿದ್ಯಾರ್ಥಿ ಎಂದು ಕೇಳಬೇಡಿ. ಪ್ರಾಯದವರು ತರಗತಿ ಮುಗಿದ ಕೂಡಲೇ ಬಾದಾಮಿ ಸುಲಿಯುವ ಮಿಲ್ಲಿಗೋ ಪಿಜ್ಜಾ ಹಂಚಲಿಕ್ಕೋ ಓಡುತ್ತಾರೆ. ಮಧ್ಯಾಹ್ನವಿಡೀ ಬಿಡುವಿರುವ ವಿದ್ಯಾರ್ಥಿ ಇಡೀ ಕ್ಯಾಲಿಫೋರ್ನಿಯಾ ಕಣಿವೆಯಲ್ಲಿ ನಾನೊಬ್ಬಳೇ.

ಹನ್ನೊಂದನೇ ವಯಸ್ಸಿಗೆ ಅಜೋರ್ಸ್ ದ್ವೀಪದಿಂದ ಹಡಗು ಹತ್ತಿ ಬಂದವಳು ನಾನು. ಶಾಲೆ ಅಲ್ಲೇ ಉಳಿಯಿತು, ನಾನು ಮಾತ್ರ ಬಂದೆ. ಮ್ಯಾನುಯೆಲ್ ಹಸು ಕರೆಯುತ್ತಿದ್ದ, ನಾನು ಟೊಮ್ಯಾಟೊ ಡಬ್ಬಿ ಕಾರ್ಖಾನೆಗೆ ಹೋಗುತ್ತಿದ್ದೆ, ಮನೆಯ ಓದು ಬರಹವೆಲ್ಲ ಅವನದೇ. ಅವನು ಹೋದ ಮೇಲೆ ಗೊತ್ತಾಯಿತು ನನ್ನ ಗತಿ. ಮಂಡಿ ನೋವಿಗೆಂದು ನಾಯಿಯ ಹುಳದ ಮಾತ್ರೆಯನ್ನು ಒಂದು ವಾರ ನುಂಗಿದೆ. ನೋವು ಹೋಗಲಿಲ್ಲ. ಪಕ್ಕದ ಮನೆಯ ಬೆಕ್ಕು ಮಾತ್ರ ಇವತ್ತಿಗೂ ನನ್ನನ್ನು ಕಂಡರೆ ಮರ ಹತ್ತುತ್ತದೆ.

ಆ ಕತ್ತಲಿಂದ ನನ್ನನ್ನು ಎಳೆದವಳು ವರ್ಲೀನ್ ಟೇಟಮ್. ಹದಿನೆಂಟು ವರ್ಷದ ಹಿಂದೆ ಅವಳು ಕಾರ್ಖಾನೆಯ ಗೇಟಿನ ಬಳಿ ಟೊಮ್ಯಾಟೊ ಪೆಟ್ಟಿಗೆಯ ಮೇಲೆ ನಿಂತು, ಕೂದಲಿಗೆ ಬಲೆ ಕಟ್ಟಿಕೊಂಡು ಹೊರಬರುತ್ತಿದ್ದ ನಮ್ಮನ್ನು ಒಬ್ಬೊಬ್ಬರನ್ನಾಗಿ ಹಿಡಿದಳು. ಪುಸ್ತಕ ಕಂಡರೆ ನಾವು ಹೆದರಿ ಓಡುತ್ತೇವೆಂದು ಡಬ್ಬಿಯ ಮೇಲಿನ ಚೀಟಿಯಿಂದಲೇ ಅಕ್ಷರ ಕಲಿಸಿದಳು. ನಾನು ಓದಿದ ಮೊದಲ ಪದ "ಸಿಪ್ಪೆ ಸುಲಿದದ್ದು." ನನ್ನ ಬಗ್ಗೆಯೇ ಬರೆದಿದ್ದಾರೆ ಅನ್ನಿಸಿತು.

ಗೇಟಿನ ಆ ಪಾಠ ಬೆಳೆದು ಕಾಲೇಜಿನ ತರಗತಿಯಾಯಿತು. ಕಾಲೇಜಿನವರು ರಿಬ್ಬನ್ ಕತ್ತರಿಸಿದರು, ಪತ್ರಿಕೆಗೆ ಫೋಟೊ ಕೊಟ್ಟರು. ವರ್ಲೀನಳಿಗೆ ಮಾತ್ರ ಅರೆಕಾಲಿಕ ಕೆಲಸ. ಈ ಅವಧಿಗೆ ಕರೆದರೆ ಉಂಟು, ಮುಂದಿನ ಅವಧಿಗೆ ಇಲ್ಲ. ಕೂರಲು ಕೋಣೆಯಿಲ್ಲ. ಅವಳ ಕಾರಿನ ಡಿಕ್ಕಿಯೇ ಅವಳ ಕಚೇರಿ. ಅದರಲ್ಲಿ ಪುಸ್ತಕ, ಕೊಡೆ, ಬ್ರೆಡ್ಡು, ಒಬ್ಬಿಬ್ಬರು ವಿದ್ಯಾರ್ಥಿಗಳು ಕೂಡ ಇರಬಹುದು, ನಾನು ತಳದವರೆಗೆ ನೋಡಿಲ್ಲ.

ಆ ವರ್ಷ ಕೊನೆಗೂ ಆ ಪಾಠಕ್ಕೆ ಒಂದು ಕಾಯಂ ಹುದ್ದೆ ಬಂತು. ವರ್ಲೀನ್ ಅರ್ಜಿ ಹಾಕಿದಳು. ಯಾರಿಗೆ ಬಂದರೂ ಅದೊಂದೇ ಹುದ್ದೆ. ಬೇರೆಯವರು ಬಂದರೆ ತರಗತಿಗಳೆಲ್ಲ ಅವರ ಪಾಲು, ವರ್ಲೀನಳಿಗೆ ಮನೆ.

ಸಮಿತಿಯಲ್ಲಿ ನನ್ನ ಜೊತೆ ಇಬ್ಬರು ಅಧ್ಯಾಪಕರಿದ್ದರು. ರಾಜ್ಯಶಾಸ್ತ್ರದ ಕ್ವಿಂಟಾನಾ ಯಜಮಾನ. ಅಧ್ಯಾಪಕರ ಸೆನೆಟ್‌ಗೂ ಅವನೇ ಮುಖ್ಯಸ್ಥ. ಸೆನೆಟ್ ಎಂದರೆ ಮೇಷ್ಟ್ರುಗಳೇ ಸೇರಿ ಕಾಲೇಜಿನ ಪಾಠ, ನೇಮಕ ಎಲ್ಲದರ ಬಗ್ಗೆ ತೀರ್ಮಾನ ಮಾಡುವ ಸಭೆ. ಅಲ್ಲಿ ಕುರ್ಚಿ ಸರಿಸಲಿಕ್ಕೂ ಒಬ್ಬರು ಸೂಚಿಸಿ ಇನ್ನೊಬ್ಬರು ಅನುಮೋದಿಸಬೇಕು. ಇನ್ನೊಬ್ಬಳು ಇಂಗ್ಲಿಷಿನ ಮಾರ್ವಾ, ವರ್ಲೀನಳ ಜೊತೆ ಪ್ರತಿ ಶುಕ್ರವಾರ ಊಟ ಮಾಡುವವಳು. ಗುರುತಿಲ್ಲದವರನ್ನೇ ಸಮಿತಿಗೆ ಹಾಕಬೇಕೆಂದರೆ ನಮ್ಮೂರಿಗೆ ಚಂದ್ರನಿಂದ ಜನ ತರಿಸಬೇಕು.

ಕೋಣೆಯಲ್ಲಿ ಎಷ್ಟು ಚಳಿಯಿತ್ತೆಂದರೆ ಅಲ್ಲಿ ಹಸು ಕರೆದಿದ್ದರೆ ಐಸ್‌ಕ್ರೀಮ್ ಬೀಳುತ್ತಿತ್ತು. ವರ್ಲೀನ್ ನೀಲಿ ಜಾಕೆಟ್ ತೊಟ್ಟು ಬಂದಳು. ಅದು ಮಾರ್ವಾಳದು, ಕ್ರಿಸ್ಮಸ್ಸಿಗೆ ಅವಳ ಮೈಮೇಲೆ ನೋಡಿದ್ದೆ. ಮಾರ್ವಾ ತನ್ನ ಜಾಕೆಟ್ಟನ್ನೇ ಮೊದಲ ಸಲ ಕಂಡವಳಂತೆ ಗೋಡೆಯಾಗಿ ಕೂತಳು.

ಕ್ವಿಂಟಾನಾ ಹಾಳೆ ನೋಡಿಕೊಂಡು ಓದಿದ. "ನಿಮ್ಮ ಹೆಸರು ಹೇಳಿ, ಪರಿಚಯ ಮಾಡ್ಕೊಳಿ."

ಹದಿನೆಂಟು ವರ್ಷದಿಂದ ಅವಳ ಕೈಯಿಂದ ಕಾಫಿ ಇಸಿದುಕೊಂಡು ಕುಡಿದವನು.

ಎರಡು ಪ್ರಶ್ನೆ ಕಳೆದವು. ಮೂರನೆಯದು ಬಂತು. "ನೀವು ಮೊದಲಿಂದ ಕಟ್ಟಿ ಬೆಳೆಸಿದ ಒಂದು ಕಾರ್ಯಕ್ರಮದ ಬಗ್ಗೆ ಹೇಳಿ."

ಸಿಕ್ಕಿತು ಅಂದುಕೊಂಡೆ. ಈ ಪ್ರಶ್ನೆ ಅವಳಿಗೇ ಅಳತೆ ತೆಗೆದು ಹೊಲಿಸಿದಂತಿತ್ತು.

ವರ್ಲೀನ್ ನಮ್ಮನ್ನೆಲ್ಲ ನೋಡಿ ನಾಚಿಕೊಂಡು ನಕ್ಕಳು. "ಕಾರ್ಖಾನೆ ಗೇಟಿನ ಕಥೆ ನಿಮ್ಗೆಲ್ಲ ಗೊತ್ತೇ ಇದೆಯಲ್ಲ. ಅದನ್ನೇ ಮತ್ತೆ ಹೇಳಿ ನಿಮ್ಮ ಟೈಮ್ ಯಾಕೆ ತಿನ್ಲಿ. ಮುಂದಿನ್ದು ಕೇಳಿ."

ಅವಳ ಅಜ್ಜ ಅಜ್ಜಿ ಒಕ್ಲಹೋಮಾದ ಬರಕ್ಕೂ ಧೂಳುಗಾಳಿಗೂ ಊರು ಬಿಟ್ಟು ಇಲ್ಲಿಗೆ ಹತ್ತಿ ಬಿಡಿಸಲು ಬಂದವರು. ಆ ಮನೆಗಳಲ್ಲಿ ಕದ್ದರೆ ಒಂದು ಏಟು, ಜಂಭ ಕೊಚ್ಚಿದರೆ ಎರಡು. ಗೊತ್ತಿರುವವರ ಮುಂದೆ ತನ್ನನ್ನೇ ಹೊಗಳಿಕೊಳ್ಳುವುದು ಅವಳ ನಾಲಿಗೆಗೆ ಬರುವುದಿಲ್ಲ.

ನನಗೆ ತಡೆಯಲಾಗಲಿಲ್ಲ. "ಹೇಳೇ, ಆ ಡಬ್ಬಿ ಚೀಟಿ ವಿಷ್ಯ ಹೇಳೇ," ಅಂದೆ.

ಮೂಲೆಯಿಂದ ಗ್ಲೆಂಡಾ ಕೆಮ್ಮಿದಳು. "ಡೆಲ್ಫೀನಾ, ಹಾಳೇಲಿ ಇಲ್ಲದ ಪ್ರಶ್ನೆ ಕೇಳೋ ಹಾಗಿಲ್ಲ."

"ನಾನು ಕೇಳ್ಲಿಲ್ಲ ತಾಯಿ, ಅಂಗಲಾಚ್ದೆ."

ಕ್ವಿಂಟಾನಾ ನಾಲ್ಕನೆಯ ಪ್ರಶ್ನೆ ಓದಿದ.

ಅವಳ ನಂತರ ಬಂದವನು ಬೂದು ಸೂಟಿನವನು, ಓಹಾಯೊದವನು. ಕೆಟ್ಟವನಲ್ಲ. ಆದರೆ "ನಾನು" ಎಂದು ಎಷ್ಟು ಸಲ ಅಂದನೆಂದರೆ ಕಿಟಕಿಯ ಗಾಜು ಮಂಜಾಯಿತು. ಅವನು ಕಟ್ಟಿ ಬೆಳೆಸಿದ್ದು ಒಂದು ಲೈಬ್ರರಿಯಲ್ಲಿ ಶನಿವಾರದ ಓದುಕೂಟ. ಕುರ್ಚಿ ಜೋಡಿಸಿದ್ದನ್ನೂ ಬಿಡದೆ ಹೇಳಿದ. ಮೂರನೆಯ ಪ್ರಶ್ನೆಗೆ ಕ್ವಿಂಟಾನಾ ಐದಕ್ಕೆ ಐದು ಬರೆದ, ಮಾರ್ವಾ ಐದಕ್ಕೆ ಐದು ಬರೆದಳು.

ವರ್ಲೀನಳ ಹೆಸರಿನ ಮುಂದೆ ಇಬ್ಬರೂ ಬರೆದದ್ದು ಒಂದು.

"ಒಂದಾ?" ಅಂದೆ. "ಮಾರ್ವಾ, ಅವಳು ಹಾಕ್ಕೊಂಡಿದ್ದ ಜಾಕೆಟ್ ನಿಂದಲ್ವೇನೆ?"

ಮಾರ್ವಾ ಪೆನ್ನಿನ ಮುಚ್ಚಳವನ್ನು ಹಾಕಿ ತೆಗೆದು ಮಾಡಿದಳು. "ನಂಗೆ ಗೊತ್ತಿರೋದಕ್ಕೆ ನಾನು ಅಂಕ ಕೊಡೋ ಹಾಗಿಲ್ಲ ಡೆಲ್ಫೀನಾ. ಕೋಣೆಯೊಳಗೆ ಹೇಳಿದ್ದಕ್ಕಷ್ಟೇ."

"ಮತ್ತೆ ನಿನ್ನ ತಲೆ ಎಲ್ಲಿಟ್ಟು ಬಂದೆ, ಕೋಣೆ ಹೊರಗಾ?"

ಕ್ವಿಂಟಾನಾ ಕನ್ನಡಕ ತೆಗೆದ. ಪಾಠ ಮಾಡುವಾಗ ಹಾಗೆ ತೆಗೆಯುತ್ತಾನೆ. "ನಿಮ್ಗೆ ಹಳೇ ಕಾಲ ಗೊತ್ತಿಲ್ಲ. ಹಿಂದೆ ಕಾಲೇಜಿನ ಒಬ್ರು ಅಧ್ಯಕ್ಷರು ತಮ್ಮ ಭಾವಮೈದುನನ್ನ ತಂದು ಗಣಿತಕ್ಕೆ ಕೂರಿಸಿದ್ರು. ಅವನಿಗೆ ಅರ್ಧಕ್ಕೂ ಕಾಲಿಗೂ ವ್ಯತ್ಯಾಸ ಗೊತ್ತಿರ್ಲಿಲ್ಲ. 'ನಂಗೆ ಅವನು ಗೊತ್ತು' ಅನ್ನೋದೇ ಆಗ ಅರ್ಹತೆ. ಅದನ್ನ ನಿಲ್ಸೋಕೆ ನಾವು ಸೆನೆಟ್‌ನಲ್ಲಿ ವರ್ಷಗಟ್ಟಲೆ ಜಗಳ ಆಡಿದ್ವಿ. ಎಲ್ರಿಗೂ ಒಂದೇ ಪ್ರಶ್ನೆ, ಒಂದೇ ಮುಖ. ಆ ನಿಯಮ ಬಂದ್ಮೇಲೇ ನನ್ನಂಥ ದ್ರಾಕ್ಷಿ ಕೀಳೋರ ಮಗ ಈ ಕುರ್ಚಿಗೆ ಬಂದಿದ್ದು."

ಅವನು ಸುಳ್ಳು ಹೇಳುತ್ತಿರಲಿಲ್ಲ. ಅದಕ್ಕೇ ನನ್ನ ಸಿಟ್ಟು ದುಪ್ಪಟ್ಟಾಯಿತು. ಸುಳ್ಳನಾಗಿದ್ದರೆ ಕೈಚೀಲದಲ್ಲಿ ಹೊಡೆದು ಮುಗಿಸುತ್ತಿದ್ದೆ.

"ಕಳ್ಳ ಬರ್ಬಾರ್ದು ಅಂತ ಬಾಗ್ಲಿಗೆ ಬೀಗ ಹಾಕಿದ್ರಿ, ಸರಿ ಮಾರಾಯ. ಈಗ ಮನೆ ಕಟ್ಟಿದೋಳೇ ಹೊರಗೆ ನಿಂತಿದ್ದಾಳೆ. ಒಳಗಿರೋರು ಕಿಟಕೀಲಿ ನೋಡ್ಕೊಂಡು ಯಾರಮ್ಮ ನೀನು ಅಂತಿದೀರ."

"ಅವಳು ಬಾಯ್ಬಿಟ್ಟು ಹೇಳ್ಬೇಕಿತ್ತು," ಅಂದ.

"ನೀನು ಮನುಷ್ಯನ ಥರ ಕೂತಿದ್ರೆ ಹೇಳ್ತಿದ್ಳು."

ಗ್ಲೆಂಡಾ ಕೊನೆಯ ಹಾಳೆ ಮುಂದಿಟ್ಟಳು. ಸಮಿತಿಯ ಎಲ್ಲರ ಸಹಿ ಬಿದ್ದ ಮೇಲೇ ಹೆಸರುಗಳು ಅಧ್ಯಕ್ಷರಿಗೆ ಹೋಗುವುದು. ಅವರಿಬ್ಬರೂ ಗೀಚಿದರು. ಪೆನ್ನು ನನ್ನ ಕೈಗೆ ಬಂತು.

"ಓದ್ತೀನಿ," ಅಂದೆ.

"ಮಾಮೂಲಿ ಹಾಳೆ ಅಜ್ಜಿ, ಏನಿಲ್ಲ ಅದ್ರಲ್ಲಿ," ಅಂದಳು ಗ್ಲೆಂಡಾ.

"ಏನಿಲ್ಲ ಅನ್ನೋದನ್ನೂ ಓದೇ ತಿಳ್ಕೊಬೇಕು."

ಬೆರಳಿಟ್ಟು, ಗಟ್ಟಿಯಾಗಿ, ಒಂದೊಂದೇ ಪದ ಓದಿದೆ. ನಾನು ಓದುವುದು ಮ್ಯಾನುಯೆಲನ ಹಳೆಯ ಟ್ರ್ಯಾಕ್ಟರ್ ದಿಬ್ಬ ಹತ್ತಿದ ಹಾಗೆ. ಕ್ವಿಂಟಾನಾನ ಗಡ್ಡ ಒಂದಂಗುಲ ಬೆಳೆದಿರಬೇಕು. "ಎಲ್ಲ ಅಭ್ಯರ್ಥಿಗಳನ್ನೂ" ಎಂಬಲ್ಲಿಗೆ ಬಂದೆ. ಮುಂದಿನ ಪದದಲ್ಲಿ ಸಿಕ್ಕಿಬಿದ್ದೆ. ಬಿಡಿಸಿ ಬಿಡಿಸಿ ಓದಿದೆ. ನ್ಯಾಯಯುತವಾಗಿ.

ಪೆನ್ನು ಕೆಳಗಿಟ್ಟೆ. "ಇದಕ್ಕೆ ಸಹಿ ಹಾಕಲ್ಲ."

"ಡೆಲ್ಫೀನಾ, ನಿಯಮ ಒಂದೂ ಮುರಿದಿಲ್ಲ," ಅಂದ ಕ್ವಿಂಟಾನಾ.

"ಮುರಿದಿಲ್ಲ. ಆದ್ರೆ ಇಲ್ಲಿ ನಿಯಮ ಅಂತ ಬರೆದಿಲ್ಲ, ನ್ಯಾಯ ಅಂತ ಬರೆದಿದೆ. ನಂಗೆ ಸಹಿ ಕಲಿಸ್ದೋಳು ಏನಂದಿದ್ಳು ಗೊತ್ತಾ? ಸಹಿ ಅಂದ್ರೆ ಹೂವಿನ ಚಿತ್ರ ಅಲ್ಲ, ಮೇಲಿರೋದು ನಿಜ ಅಂತ ನೀನು ಆಡೋ ಮಾತು. ಇದೂ ಕೋಣೆಯೊಳಗೆ ಹೇಳ್ತಿದೀನಿ, ಬರ್ಕೊಳಿ."

ಒಂದು ಸಹಿ ಇಲ್ಲದ್ದರಿಂದ ಆ ಸುತ್ತು ರದ್ದಾಯಿತು. ವಸಂತದಲ್ಲಿ ಹುದ್ದೆಗೆ ಮತ್ತೆ ಕರೆಯುತ್ತೇವೆ, ಸಮಿತಿ ಅದೇ, ವಿದ್ಯಾರ್ಥಿ ಪ್ರತಿನಿಧಿ ಮಾತ್ರ ಬೇರೆ ಎಂದರು. ಕಾಲೇಜಿನ ಗುಟ್ಟು ಹಾಲಿನ ಲಾರಿಗಿಂತ ಬೇಗ ಊರು ಸುತ್ತುತ್ತದೆ. ಮಾರನೆಯ ದಿನವೇ ವರ್ಲೀನ್ ನನ್ನ ಅಡುಗೆಮನೆಗೆ ಬಂದಳು. ಬಾಗಿಲನ್ನು ಅವಳು ತಳ್ಳಿದ ರಭಸಕ್ಕೆ ಗೋಡೆಯ ಮೇಲಿನ ಮಾತೆ ಮೇರಿ ಇನ್ನೂ ಓರೆಯಾಗಿಯೇ ಇದ್ದಾಳೆ.

"ನಿನ್ನ ಯಾರು ಕೇಳಿದ್ರು? ಈಗ ಎಲ್ರೂ ನನ್ನ ನೋಡಿ ಅಯ್ಯೋ ಪಾಪ ಅಂತಿದಾರೆ. ಸೋತಿದ್ರೆ ಸೋತೆ ಅಂತಿದ್ದೆ. ಈಗ ಮುದುಕಿ ಸೆರಗು ಹಿಡ್ಕೊಂಡು ಬಂದೋಳು ಅಂತಾರೆ."

"ನನ್ನ ಹತ್ರ ಸೆರಗೆಲ್ಲಿದೆ, ಏಪ್ರನ್ ಇದೆ. ಕೂತ್ಕೋ."

"ಕೂರಲ್ಲ."

"ಸರಿ, ನಿಂತ್ಕೊಂಡೇ ಹೇಳು. ನಾನೀಗ ಗೋಡೆ. ನೀನ್ಯಾರೋ ನಂಗೊತ್ತಿಲ್ಲ. ಯಾರಮ್ಮ ನೀನು?"

"ಹುಚ್ಚಾ ನಿಂಗೆ?"

ಯಾರಿಗೆ ಎಷ್ಟು ಅಂಕ ಬಿತ್ತೆಂದು ನಾನು ಹೇಳಲಿಲ್ಲ, ಅದನ್ನು ಹೇಳುವುದಿಲ್ಲವೆಂದು ಮೊದಲೇ ಸಹಿ ಹಾಕಿದ್ದೆ. ಮುಖವನ್ನು ಸಿಮೆಂಟು ಮಾಡಿ ಕೂತೆ. ಅವಳು ಅತ್ತ ಇತ್ತ ನಡೆದಳು. ಬೈದಳು. ನಾನು ಕದಲಲಿಲ್ಲ.

"ನೋಡು, ಆ ಮುಖ ತೆಗಿ," ಅಂದಳು. "ಆ ಮುಖ ನಿನ್ನೆ ನೋಡಿ ಸಾಕಾಗಿದೆ. ಹದಿನೆಂಟು ವರ್ಷ. ಯಾರು ಮಾಡಿದ್ದು ಅದನ್ನ? ಅವರಾ?"

ಗೋಡೆ ಸುಮ್ಮನಿತ್ತು.

"ನಾನು ಮಾಡಿದ್ದು. ಗೇಟಿನಲ್ಲಿ ವಾಚ್‌ಮನ್ ಓಡಿಸಿದಾಗ ರಸ್ತೆ ಆಚೆ ನಿಂತು ಕಲಿಸ್ದೋಳು ನಾನು. ಮನೆಮನೆಗೆ ಹೋಗಿ ಗಂಡಂದಿರ ಹತ್ರ ಬೈಸ್ಕೊಂಡೋಳು ನಾನು. ಇಲ್ಲೊಬ್ಬಳು ಇದ್ಲು, ನಾಯಿ ಮಾತ್ರೆ ನುಂಗೋಳು. ಪೆನ್ಸಿಲ್ ಹಿಡಿಯೋಕೆ ಹೆದರಿ ಕೈ ಹಿಂದೆ ಕಟ್ಕೋತಿದ್ಲು. ಅವಳ ಕೈ ಬಿಚ್ಚಿ, ಬೆರಳು ಹಿಡಿದು, ಗಂಡನ ಸಮಾಧಿ ಮೇಲಿನ ಹೆಸರು ಓದೋವರೆಗೆ ಕರ್ಕೊಂಡು ಹೋದೋಳು ನಾನು. ನಾನು, ಕೇಳಿಸ್ತಾ?"

ಮುಖವನ್ನು ಗೋಡೆ ಮಾಡಿಕೊಂಡಿರುವುದು ಎಂಥ ಕಷ್ಟವೆಂದು ಆಗ ತಿಳಿಯಿತು. ಸಮಿತಿಯ ಆ ಇಬ್ಬರ ಮೇಲೆ ಕನಿಕರ ಬರಬೇಕಿತ್ತು, ಬರಲಿಲ್ಲ. ಅವರಿಗೆ ಕಷ್ಟವಾಗಿರಲೇ ಇಲ್ಲ, ಅದೇ ನನ್ನ ಸಿಟ್ಟು.

"ಇನ್ನೊಂದ್ಸಲ ಹೇಳು," ಅಂದೆ. "ಈ ಸಲ ಬೈಗುಳ ಬಿಟ್ಟು."

ಚಳಿಗಾಲ ಮುಗಿಯುವವರೆಗೆ ಅವಳು ಬಂದು ಹೇಳಿದಳು. ನಾನು ಹಿಟ್ಟು ನಾದುತ್ತಾ, ಮುಖ ಕದಲಿಸದೆ ಕೇಳಿದೆ. ವಸಂತದಲ್ಲಿ ಅದೇ ಕೋಣೆ, ಅದೇ ಚಳಿ, ಅದೇ ಮಾರ್ವಾ, ಅದೇ ಕ್ವಿಂಟಾನಾ. ನಾನು ಹೊರಗಿನ ಬೆಂಚಿನ ಮೇಲಿದ್ದೆ. ಮುಚ್ಚಿದ ಬಾಗಿಲಿನಿಂದ "ನಾನು" ಅನ್ನುವುದು ಮಾತ್ರ ಕೇಳುತ್ತಿತ್ತು, ಪಾರ್ಕಿಂಗ್ ಜಾಗದ ಕಾರುಗಳಿಗೂ ಕೇಳಿರಬೇಕು. ಹದಿನೆಂಟು ವರ್ಷದಿಂದ ಗೊತ್ತಿದ್ದದ್ದನ್ನು ಆಗತಾನೇ ಅಮೆರಿಕ ಕಂಡುಹಿಡಿದವರಂತೆ ಬರೆದುಕೊಂಡರಂತೆ. ಹುದ್ದೆ ಅವಳಿಗೆ ಬಂತು.

ಅವಳ ಹೊಸ ಕೋಣೆಯಲ್ಲಿ ಸಣ್ಣದೊಂದು ಕೂಟ ಮಾಡಿದೆವು. ಕಾರಿನ ಡಿಕ್ಕಿ ಖಾಲಿಯಾಗಲಿಕ್ಕೆ ಅರ್ಧ ದಿನ ಹಿಡಿಯಿತು. ನಾನು ನಮ್ಮ ದ್ವೀಪದ ಸಿಹಿ ಬ್ರೆಡ್ ಮಾಡಿಕೊಂಡು ಹೋಗಿದ್ದೆ, ಮಧ್ಯೆ ಮೊಟ್ಟೆ ಇಟ್ಟು ಬೇಯಿಸಿದ್ದು. ಪ್ರತಿ ಕ್ರಿಸ್ಮಸ್ಸಿಗೂ ಅದನ್ನು ಕಾಲೇಜಿಗೆ ತರುವವಳು ನಾನು, ಮೊದಲು ಬಂದು ದೊಡ್ಡ ತುಂಡು ಹೊಡೆಯುವವನು ಕ್ವಿಂಟಾನಾ.

ಅವನು ಬಂದು ನನ್ನ ಹೆಗಲ ಮೇಲೆ ಕೈಯಿಟ್ಟ. "ನೋಡಿದ್ರಾ ಡೆಲ್ಫೀನಾ. ಪದ್ಧತಿ ಸರಿಯಾಗೇ ಇದೆ. ಕೊನೆಗೆ ಅದೇ ಕೆಲ್ಸ ಮಾಡ್ತು."

ನಾನು ಅವನ ಕೈಯನ್ನು ಹೆಗಲಿಂದ ತೆಗೆದು ಅವನಿಗೇ ವಾಪಸ್ಸು ಕೊಟ್ಟೆ. ಬ್ರೆಡ್ ಕೊಯ್ದೆ. ವರ್ಲೀನಳಿಗೆ ಕೊಟ್ಟೆ, ಅವಳ ತರಗತಿಯವರಿಗೆ ಕೊಟ್ಟೆ, ನೆಲ ಒರೆಸಲು ಬಂದವನಿಗೂ ಕೊಟ್ಟೆ. ಮಾರ್ವಾ ತಟ್ಟೆ ಹಿಡಿದು ಹತ್ತಿರ ಬಂದವಳು ನನ್ನ ಮುಖ ನೋಡಿ ಹಿಂದೆ ಸರಿದಳು. ಕ್ವಿಂಟಾನಾ ಅಷ್ಟು ಜಾಣನಲ್ಲ.

"ನಂಗಿಲ್ವಾ?" ಅಂದ.

"ನಿಮ್ಗೆ ಬ್ರೆಡ್ ಇಷ್ಟ ಅಂತ ಯಾರು ಹೇಳಿದ್ರು?"

"ಏನ್ ಅಜ್ಜಿ, ಪ್ರತಿ ವರ್ಷ ತಿಂತೀನಿ. ನಿಮಗೆ ಗೊತ್ತಲ್ಲ."

ನಾನು ನಗಲಿಲ್ಲ, ತಲೆಯಾಡಿಸಲಿಲ್ಲ, ಹುಬ್ಬು ಏರಿಸಲಿಲ್ಲ. ಚಾಕು ಒರೆಸಿ, ಉಳಿದ ಬ್ರೆಡ್ಡಿಗೆ ಬಟ್ಟೆ ಮುಚ್ಚಿದೆ.

"ಗೊತ್ತು," ಅಂದೆ. "ಆದ್ರೆ ಈ ಕೋಣೆಯೊಳಗೆ ನೀವದನ್ನ ಹೇಳಿಲ್ಲ."