ತೂಕಕ್ಕೆ ಹಾಕಿದ ಕಾಲುಗಳು

ಅಕ್ಕನ ಕಾಲನ್ನು ಅಕ್ಕನಿಗೆ ಕೊಟ್ಟರೆ ಅದು ಕಳ್ಳತನವಾಗುತ್ತದೆಯೇ? ಮೆಟ್ಟಿಲಿಳಿಯುತ್ತಿದ್ದ ಹಮಾಲಿಗೆ ಇದು ಬಗೆಹರಿಯಲಿಲ್ಲ. ಹೆಗಲ ಮೇಲಿನ ಗೋಣಿಚೀಲದ ತುಂಬ ಕೃತಕ ಕಾಲುಗಳಿದ್ದವು. ಕೆಲವಕ್ಕೆ ಆಗಲೇ ಚಪ್ಪಲಿ ತೊಡಿಸಿದ್ದರು.

"ಏನೋ ಬೋಳಿಮಗನೇ, ಹೆಣ ಹೊತ್ತ ಹಾಗೆ ಬರ್ತಿದ್ದೀಯಲ್ಲ. ಬೇಗ ಇಳಿಸೋ," ಎಂದ ಗುಜರಿಯವನು, ತಕ್ಕಡಿಯ ಪಕ್ಕ ನಿಂತು.

ಕಾಲು ಮಾಡಿಕೊಡುತ್ತೇವೆಂದು ಕಂಡಕಂಡವರಿಂದ ಪೂರ್ತಿ ಹಣ ಮುಂಚೆಯೇ ಕಟ್ಟಿಸಿಕೊಂಡಿದ್ದ ಕಂಪನಿ ದಿವಾಳಿಯೆದ್ದಿತ್ತು. ಇದ್ದಬದ್ದದ್ದನ್ನು ಮಾರಿ ಮೋಸಹೋದವರಿಗೆ ಹಂಚಲು ಕೋರ್ಟು ಒಬ್ಬ ಸಾಹೇಬರನ್ನು ನೇಮಿಸಿತ್ತು. ಹರಾಜಿನಲ್ಲಿ ಮಾಲೀಕನ ತಿರುಗುವ ಕುರ್ಚಿ ಒಳ್ಳೆಯ ಬೆಲೆಗೆ ಹೋಯಿತು. ಕಾಲುಗಳಿಗೆ ಯಾರೂ ಕೂಗಲಿಲ್ಲ. ಒಬ್ಬರ ಅಳತೆಗೆ ಮಾಡಿದ ಕಾಲು ಇನ್ನೊಬ್ಬರಿಗೆ ಆಗುವುದಿಲ್ಲವಲ್ಲ. ಕೊನೆಗೆ ಗುಜರಿಯವನು ಕಿಲೋ ಲೆಕ್ಕದಲ್ಲಿ ಒಪ್ಪಿಕೊಂಡ. ಆ ದುಡ್ಡು, ಸಾಹೇಬರು ವಿವರಿಸಿದಂತೆ, ಮೊದಲು ಬ್ಯಾಂಕಿಗೆ, ಉಳಿದರೆ ಕಾಲಿಲ್ಲದವರಿಗೆ.

ಕಾಲಿಲ್ಲದವರು ಗೇಟಿನಾಚೆ ಕಾಯುತ್ತಿದ್ದರು. ಅಕ್ಕನೂ ಊರುಗೋಲಿಗೆ ಕಂಕುಳು ಕೊಟ್ಟು ನಿಂತಿದ್ದಳು. ಅವಳದು ಇಸ್ತ್ರಿ ಅಂಗಡಿ. ಹೀಗೆ ಒಂಟಿಕಾಲಲ್ಲಿ ಎಷ್ಟು ಬಟ್ಟೆ ಆದೀತು, ಜಾಗ ಬಿಡು ಎಂದು ಅಂಗಡಿಯ ಜಾಗದವನು ಹೇಳಿಬಿಟ್ಟಿದ್ದ. ದುಡ್ಡು ಬೇಡ, ನನ್ನ ಕಾಲು ಕೊಡಿ ಎಂದು ಬೆಳಿಗ್ಗೆ ಅವಳು ಕೇಳಿದ್ದಳು. ಒಬ್ಬರಿಗೆ ಕೊಟ್ಟರೆ ಉಳಿದವರಿಗೆ ಅನ್ಯಾಯವಾಗುತ್ತದೆಂದು ಸಾಹೇಬರು ತಾಳ್ಮೆಯಿಂದಲೇ ತಿಳಿಹೇಳಿದ್ದರು. ಆಗಿನಿಂದ ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಿರಲಿಲ್ಲ. ಸಂಬಂಧ ತಿಳಿದರೆ ಇವನ ಕೂಲಿಯೂ ಹೋಗುತ್ತಿತ್ತು.

ಹಮಾಲಿ ತಕ್ಕಡಿಯನ್ನು ದಾಟಿ ನಡೆದು, ಗೇಟಿನಾಚೆ ಚೀಲ ಸುರಿದ.

"ಜಾರ್ತು ಸಾಹೇಬ್ರೇ," ಎಂದ.

ಜನ ಬಗ್ಗಿ ತಮ್ಮತಮ್ಮದನ್ನು ಹುಡುಕತೊಡಗಿದರು. ಒಬ್ಬ ಮುದುಕನಿಗೆ ಸಿಗಲಿಲ್ಲ. ಅವನದು ಹಿಂದಿನ ಚೀಲದಲ್ಲೇ ತೂಕವಾಗಿತ್ತು. ಅಕ್ಕ ನೆಲದ ಮೇಲೆ ಕೂತು ಕಾಲು ಹಾಕಿಕೊಂಡು, ಗೇಟು ಹಿಡಿದು ಎದ್ದಳು.

"ಬಿಚ್ಚಮ್ಮ ಅದನ್ನ. ಕೋರ್ಟಿನ ಸ್ವತ್ತು ಅದು," ಎಂದರು ಸಾಹೇಬರು.

"ನೀವೇ ಬಂದು ಬಿಚ್ಚಿ ಸ್ವಾಮಿ. ಪಟ್ಟಿ ಎಲ್ಲಿದೆ ಅಂತ ಸೀರೆ ಎತ್ತಿ ತೋರಿಸ್ತೀನಿ."

ಸಾಹೇಬರು ಹಮಾಲಿಯ ಕಡೆ ತಿರುಗಿದರು. "ಏಯ್, ನೀನು ಬಿಚ್ಚೋ ಹೋಗಿ."

ಅವನು ಖಾಲಿ ಚೀಲವನ್ನು ಕೊಡವಿ, ಮಡಚತೊಡಗಿದ. ಅಕ್ಕ ರಸ್ತೆಯ ತಿರುವಿನವರೆಗೆ ಗೋಡೆ ಹಿಡಿದು ಹೋದಳು, ಆಮೇಲೆ ಹಿಡಿಯದೆ.

ಆ ಹೆಂಗಸು ನಿನಗೇನಾಗಬೇಕು ಎಂದು ಸಾಹೇಬರು ಕೇಳಿದರು. ಸಂಜೆ ಠಾಣೆಯಲ್ಲಿ ಪೊಲೀಸರು ಕೆನ್ನೆಗೆ ಬಾರಿಸಿ ಕೇಳಿದರು. ಅಕ್ಕ ಎಂದು ಅವನು ಹೇಳಲಿಲ್ಲ.