ಕನಕರಾಯನ ಬಲಗೆನ್ನೆ

ಕನಕರಾಯನ ಎಡಗೆನ್ನೆಗೆ ಮೂವತ್ತೈದು ವರ್ಷ, ಬಲಗೆನ್ನೆಗೆ ಎಪ್ಪತ್ತು. ಸುಳ್ಳು ಅನ್ನುವವರು ರಾಯಚೂರಿನಲ್ಲಿ ದೇವದುರ್ಗದ ಬಸ್ಸು ಹತ್ತಿ ನೋಡಲಿ. ಇಪ್ಪತ್ತೆರಡು ವರ್ಷ ಅದೇ ರಸ್ತೆ, ಅದೇ ಡ್ರೈವರ್ ಸೀಟು, ಬಲಕ್ಕೆ ಅದೇ ಕಿಟಕಿ. ಆ ಕಿಟಕಿಯಿಂದ ಒಳಬಂದ ಬಿಸಿಲು ಟಿಕೇಟಿಲ್ಲದೆ ಅವನ ಬಲಗೆನ್ನೆಯ ಮೇಲೆ ಕೂತದ್ದು ಇಳಿಯಲೇ ಇಲ್ಲ. ಗುಟ್ಕಾ ಒತ್ತಿಡುತ್ತಿದ್ದುದೂ ಅದೇ ಕೆನ್ನೆಗೆ. ನೀರು ಕುಡಿದರೆ ನಡುದಾರಿಯಲ್ಲಿ ಬಸ್ಸು ನಿಲ್ಲಿಸಬೇಕಾಗುತ್ತದೆಂದು ದಿನಕ್ಕೆ ಹನ್ನೆರಡು ಚಹಾ. ನಿದ್ದೆ ನಾಲ್ಕು ತಾಸು. ಆ ಕೆನ್ನೆಯ ಮೇಲೆ ಕೂತ ನೊಣವೊಂದು ಸುಕ್ಕಿನೊಳಗೆ ದಾರಿ ತಪ್ಪಿ, ಮೂರನೇ ದಿನ ಕಿವಿಯ ಹತ್ತಿರ ಹೊರಬಂತೆಂದು ಕಂಡಕ್ಟರ್ ಮಹಮ್ಮದ್ ಹುಸೇನ್ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದ.

ಎಡಗೆನ್ನೆ ಮಾತ್ರ ನೆರಳಿನಲ್ಲಿ ಬೆಳೆದ ಮಗುವಿನ ಹಾಗಿತ್ತು. ಅದಕ್ಕೇ ಹೆಂಡತಿ ತೀರಿಕೊಂಡ ಆರು ವರ್ಷದ ಮೇಲೆ ಮತ್ತೆ ಮದುವೆಯ ಮಾತು ಬಂದಾಗ ಕನಕರಾಯ ಎಡಮಗ್ಗುಲಿನ ಫೋಟೋ ತೆಗೆಸಿ ಕಳಿಸಿದ. ಆ ಕಡೆಯಿಂದ ಬಂದ ಮಲ್ಲೇಶ್ವರಿಯ ಫೋಟೋ ನೋಡಿ ಅವನಿಗೆ ದಿಗಿಲಾಯಿತು. ಗಂಡ ಸತ್ತು ಹತ್ತು ವರ್ಷವಾದ ಹೆಂಗಸಂತೆ, ಆದರೆ ನೋಡಿದರೆ ಮೂವತ್ತು ದಾಟಿಲ್ಲ.

"ಅಕ್ಕಾ, ನನಗ ಮೂವತ್ತೆಂಟು ಅಂತ ಹೇಳು," ಎಂದ ಮಾನ್ವಿಯ ಅಕ್ಕ ಯಂಕಮ್ಮನಿಗೆ.

"ನಲವತ್ತೇಳರಾಗ ಒಂಬತ್ತು ಎಲ್ಲಿ ಒಗದಿ ಲೇ?"

"ಹೇಳು ಅಂದ್ರ ಹೇಳಕ್ಕಾ. ಈ ಸಲ ಆಗಲಿಲ್ಲಂದ್ರ ಸಾಯೋಮಟ ನಾನಾ ರೊಟ್ಟಿ ಬಡಕೋಬೇಕು. ಒಂದಾದ್ರೂ ದುಂಡಗ ಬರವಲ್ದು."

ರವಿವಾರ ದೇವದುರ್ಗದಲ್ಲಿ, ಮಲ್ಲೇಶ್ವರಿಯ ಅಣ್ಣ ಪ್ರಭುರಾಜನ ಮನೆಯಲ್ಲಿ, ಕನಕರಾಯ ಬಲಗೆನ್ನೆಯನ್ನು ಗೋಡೆಗೆ ಅಂಟಿಸಿದಂತೆ ಕೂತ. ಚಹಾ ಬಂದಾಗಲೂ ಕತ್ತು ತಿರುಗಿಸದೆ, ಕೈಯನ್ನಷ್ಟೇ ಉದ್ದ ಮಾಡಿ ತೆಗೆದುಕೊಂಡ. ಕೊಟ್ಟವಳು ಮಲ್ಲೇಶ್ವರಿ. ಹತ್ತಿರದಿಂದ ನೋಡಿದರೆ ಫೋಟೋಕ್ಕಿಂತ ಚಂದ.

ಯಂಕಮ್ಮನಿಗೆ ತಡೆಯಲಾಗಲಿಲ್ಲ. "ಮಾರಿಗಿ ಏನ್ ಹಚ್ಚತಿ ಯವ್ವಾ?"

"ಏನೂ ಇಲ್ಲ ಬಿಡ್ರಿ. ಹೊಲಕ್ಕ ಕೂಲಿಗಿ ಹೋಗಾಕಿ ನಾನು. ಬಿಸಲಾಗ ಮಾರಿ ಬಿಚ್ಚಂಗಿಲ್ಲ. ತಂಬಾಕ ಮುಟ್ಟಂಗಿಲ್ಲ. ಕೊಡ ನೀರು ಒಯ್ದು ಖಾಲಿ ಮಾಡಿಕೊಂಡು ಬರ್ತೀನಿ. ಒಂಬತ್ತು ಹೊಡದ್ರ ನಿದ್ದಿ."

ಪ್ರಭುರಾಜ ಗಂಟಲು ಸರಿಮಾಡಿಕೊಂಡ. "ಎಲ್ಲಾ ಪಸಂದ ಅದರಿ. ಒಂದಾ ತೊಡಕು. ನಮ್ ತಂಗಿಗಿ ನಲವತ್ತಮೂರು. ನಿಮ್ ಹುಡುಗಗ ಮೂವತ್ತೆಂಟು ಅಂತೀರಿ. ಹೆಣ್ಣು ಐದು ವರ್ಷ ದೊಡ್ಡಾಕಿ ಆದ್ರ ನಮ್ ಮಂದ್ಯಾಗ ಹ್ಯಾಂಗ ನಡೀತದ?"

ಕನಕರಾಯನ ಬಾಯಲ್ಲಿದ್ದ ಚಹಾ ಅಲ್ಲೇ ನಿಂತಿತು. ಕದ್ದ ಒಂಬತ್ತು ವರ್ಷ ಹೀಗೆ ಬಂದು ತನ್ನ ಕುತ್ತಿಗೆಗೇ ಬೀಳುತ್ತದೆಂದು ಅವನು ಕನಸಿನಲ್ಲೂ ಎಣಿಸಿರಲಿಲ್ಲ. ಅಕ್ಕ ಮೊಣಕೈಯಿಂದ ತಿವಿದಳು. "ಹೇಳೋ ಲೇ, ಮೂಕಬಸವಣ್ಣ ಆಗಬ್ಯಾಡ."

"ನನಗ... ನಲವತ್ತೇಳ್ರೀ."

ಪ್ರಭುರಾಜ ನಕ್ಕ. "ಚಾಷ್ಟಿ ಮಾಡಬ್ಯಾಡ್ರಿ. ಈ ಮಾರಿಗಿ ನಲವತ್ತೇಳಾ?"

ಬೇರೆ ದಾರಿ ಇರಲಿಲ್ಲ. ಕನಕರಾಯ ಗೋಡೆಯಿಂದ ಮುಖ ಬಿಡಿಸಿಕೊಂಡು, ಬಲಗೆನ್ನೆಯನ್ನು ನಡುಮನೆಯ ಬೆಳಕಿಗೆ ತಿರುಗಿಸಿದ. ಪ್ರಭುರಾಜನ ನಗು ನಿಂತುಹೋಯಿತು.

"ಯಪ್ಪೋ! ನಿಮ್ಮಪ್ಪನ್ನೂ ಸಂಗಡ ಕರಕೊಂಡು ಬಂದೀರಲ್ರೀ!"

ಒಳಗಿದ್ದ ಹೆಂಗಸರೆಲ್ಲ ಕಿಸಕ್ಕೆಂದರು. ಕನಕರಾಯನ ಎರಡೂ ಕೆನ್ನೆ ಒಂದೇ ಬಣ್ಣಕ್ಕೆ ತಿರುಗಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಆದರೂ ಹೊಟ್ಟೆಯೊಳಗೆ ಸಣ್ಣ ಸಮಾಧಾನ: ಮರ್ಯಾದೆ ಹೋದರೂ ವಯಸ್ಸು ಕೂಡಿಬಂತು, ಇನ್ನೇನೂ ತೊಡಕಿಲ್ಲ.

ಮಲ್ಲೇಶ್ವರಿ ಮಾತ್ರ ನಕ್ಕಿರಲಿಲ್ಲ. ಆ ಕೆನ್ನೆಯನ್ನೇ ನೋಡುತ್ತಿದ್ದಳು.

"ಈ ಗಲ್ಲ ನನಗ ಗುರುತದ," ಎಂದಳು. "ಊರ ಮುಂದಿನ ಕ್ರಾಸಿನಾಗ ಸಂಜಿಗಿ ಐದಕ್ಕ ಹತ್ತೀವಿ. ಹೊಲ ನಿಮ್ ಕಿಟಕಿ ಕಡಿ ಅದ. ದಿನಾ ಮೊದಲ ಇದಾ ಕಾಣ್ತದ."

ಕನಕರಾಯನಿಗೆ ಕ್ರಾಸು ನೆನಪಾಯಿತು. ಅಲ್ಲಿ ಹತ್ತುವ ಕೂಲಿ ಹೆಂಗಸರು ಸೀರೆಯ ಮೇಲೆ ಗಂಡಸರ ಹಳೆಯ ತುಂಬುತೋಳಿನ ಅಂಗಿ ತೊಟ್ಟು, ಕಣ್ಣಷ್ಟೇ ಬಿಟ್ಟು ತಲೆ ಮುಖಕ್ಕೆಲ್ಲ ಟವೆಲ್ ಸುತ್ತಿಕೊಂಡಿರುತ್ತಿದ್ದರು. ಮಲ್ಲೇಶ್ವರಿ ಮಾತು ನಿಲ್ಲಿಸಲಿಲ್ಲ.

"'ಬೆದರುಬೊಂಬಿ ಮೆರವಣಿಗಿ ಬಂತ್ರಪೋ' ಅಂತ ಒದರ್ತೀರಿ. ಬಸ್ಸಿಗೆ ಬಸ್ಸಾ ನಗ್ತದ. ನಾವೂ ನಗ್ತಿದ್ವಿ ಬಿಡ್ರಿ, ಕೂಲಿ ಮಾಡಿದ ಮೈಗಿ ಸಿಟ್ಟು ಎಲ್ಲಿಂದ ಬರಬೇಕು? ಆದ್ರ ನಿಲ್ಲಸೂ ಜಾಗಾ ಬಿಟ್ಟು ನೂರು ಹೆಜ್ಜಿ ಮುಂದ ನಿಲ್ಲಸ್ತೀರಿ, ನಾವು ಓಡೂದು ನೋಡಾಕ. ಹೋದ ತಿಂಗಳ ಜಂಬಮ್ಮ ಬಿದ್ದಳು. ಅರವತ್ತೈದು ವರ್ಷದ ಮುದುಕಿ. ಮೊಣಕಾಲು ಒಡೀತು. ನಾ ಎಬ್ಬಸಾಕತ್ತಿದ್ದೆ. ನೀವು ಕನ್ನಡ್ಯಾಗ ನೋಡಿದ್ರಿ. ನೋಡಿ ಹಾರನ್ ಹೊಡದ್ರಿ."

ಅವನು ಹೊಡೆದಿದ್ದ. ಎರಡು ಸಲ. ಎರಡನೆಯದನ್ನು ತಾಳ ಹಾಕಿದ ಹಾಗೆ ಹೊಡೆದಿದ್ದ, ಜನ ಇನ್ನಷ್ಟು ನಗಲೆಂದು.

"ಏನೋ ಲೇ, ಖರೇನೇನು?" ಎಂದಳು ಯಂಕಮ್ಮ. ಅವಳೂ ನಲವತ್ತು ವರ್ಷ ಮಾನ್ವಿಯ ಹೊಲಗಳಲ್ಲಿ ಟವೆಲ್ ಸುತ್ತಿಕೊಂಡು ಕಳೆ ತೆಗೆದವಳು.

ಕನಕರಾಯ ಯಾವ ಕೆನ್ನೆಯನ್ನು ಯಾವ ಗೋಡೆಗೆ ಆನಿಸಬೇಕೆಂದು ತಿಳಿಯದೆ ನೆಲ ನೋಡಿದ.

"ವಯಸ್ಸು ಸುಳ್ಳು ಹೇಳಿದ್ದಕ್ಕಲ್ಲ, ಮಾರಿ ಒಣಗಿದ್ದಕ್ಕೂ ಅಲ್ಲ," ಎಂದಳು ಮಲ್ಲೇಶ್ವರಿ, ಖಾಲಿ ಕಪ್ಪು ಎತ್ತಿಕೊಂಡು ಪ್ರಭುರಾಜನ ಕಡೆ ತಿರುಗಿ. "ಆದ್ರ ನನಗ ಇದು ಬ್ಯಾಡಣ್ಣಾ." ಒಳಗೆ ಹೋದಳು. ಮತ್ತೆ ಹೊರಗೆ ಬರಲಿಲ್ಲ.

ಯಂಕಮ್ಮ ದಾರಿಯುದ್ದಕ್ಕೂ ತಮ್ಮನ ಜೊತೆ ಮಾತಾಡಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಹಗುರಾಗುತ್ತಿತ್ತು.

ಸೋಮವಾರ ಐದಕ್ಕೆ ಕ್ರಾಸು ಬಂತು. ಹೆಂಗಸರು ರೂಢಿಯಂತೆ ಓಡಲು ಸೀರೆ ಎತ್ತಿ ಕಟ್ಟಿ ತಯಾರಾಗಿದ್ದರು. ಬಸ್ಸು ಅವರ ಕಾಲಬುಡದಲ್ಲೇ ನಿಂತಿತು.

"ಯಾಕ್ರೀ ಉಸ್ತಾದ್, ಬ್ರೇಕಿಗಿ ಇವತ್ತು ಬುದ್ಧಿ ಬಂತಾ?" ಎಂದ ಮಹಮ್ಮದ್ ಹುಸೇನ್.

ಕನಕರಾಯ ಇಂಜಿನ್ ಬಂದ್ ಮಾಡಿದ. ಒಂಬತ್ತು ಹೆಂಗಸರು ಒಬ್ಬೊಬ್ಬರಾಗಿ ಹತ್ತಿದರು. ಒಂಬತ್ತು ಟವೆಲು, ಒಂಬತ್ತು ಅಂಗಿ, ಒಂಬತ್ತು ಜೋಡಿ ಕಣ್ಣು. ಮಲ್ಲೇಶ್ವರಿ ಯಾರು, ಜಂಬಮ್ಮ ಯಾರು, ಅವನಿಗೆ ಗೊತ್ತಾಗಲಿಲ್ಲ. ಇಷ್ಟು ವರ್ಷ ಹತ್ತಿಸಿಕೊಂಡರೂ ಒಂದು ಜೋಡಿ ಕಣ್ಣಿನ ಗುರುತೂ ಅವನಿಗಿರಲಿಲ್ಲ.

ಎದ್ದು ನಿಂತ. "ಯವ್ವಾ, ನಂದು ತಪ್ಪಾತ್ರೀ," ಎಂದ ಮೊದಲಿನವಳಿಗೆ. ಆಕೆ ಗಾಬರಿಯಾಗಿ ಸರಿದಳು. ಎರಡನೆಯವಳಿಗೂ ಹೇಳಿದ. ಮೂರನೆಯವಳಿಗೂ. ಹಿಂದಿನ ಸೀಟಿನಲ್ಲಿ ಯಾರೋ ನಗಲು ಶುರುಮಾಡಿದರು. ಈ ಸಲ ನಗು ಅವನ ಮೇಲಿತ್ತು. ಅವನು ನಿಲ್ಲಿಸದೆ ಒಂಬತ್ತೂ ಸಲ ಹೇಳಿದ.

ಟವೆಲೊಂದರ ಒಳಗಿನಿಂದ ಯಾರೋ ಅಂದರು, "ಆತ್ರೀ, ಕೇಳಿತು. ಹೊತ್ತಾಕತ್ತದ, ಗಾಡಿ ಬಿಡ್ರಿ."

ಯಾರ ದನಿ ಎಂದು ತಿರುಗಿ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ಗಾಡಿ ಬಿಟ್ಟ.