ಹತ್ತು ಗಂಟೆಯ ಸದ್ದು

ನಾನು ಒಂದು ದೊಡ್ಡ ತಟ್ಟೆ. ಊಟದ ತಟ್ಟೆಯಲ್ಲ, ಆಕಾಶಕ್ಕೆ ಕಿವಿಗೊಡುವ ಆಂಟೆನಾ. ತುಮಕೂರಿನ ಶೆಡ್ಡೊಂದರಲ್ಲಿ ನನ್ನನ್ನು ಬೆಸೆದು, ಲಾರಿಯಲ್ಲಿ ಹೊತ್ತು ತಂದು, ಮೊಳಕಾಲ್ಮೂರಿನಾಚೆಯ ಕಲ್ಲುಬಯಲಿನಲ್ಲಿ ನಿಲ್ಲಿಸಿದರು. ಯಾವುದಾದರೂ ನಕ್ಷತ್ರದ ಸುತ್ತ ನಮ್ಮಂಥದೇ ಭೂಮಿಯಿದ್ದು, ಅಲ್ಲಿ ಮಾತನಾಡುವವರಿದ್ದರೆ ಅವರ ರೇಡಿಯೊ ದನಿ ಹಿಡಿಯುವುದು ನನ್ನ ಕೆಲಸ. ವರ್ಷಗಟ್ಟಲೆ ಏನೂ ಸಿಗಲಿಲ್ಲ. ಮೊದಮೊದಲು ಬೇಸರವಾಗುತ್ತಿತ್ತು. ಆಮೇಲೆ ಅದೂ ನಿಂತುಹೋಯಿತು.

ನನ್ನನ್ನು ನಡೆಸುತ್ತಿದ್ದವರು ನಳಿನಾಕ್ಷಿ ಮೇಡಂ. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಅವರ ತಲೆ ಮಾತ್ರ. ಅದು ಇಲ್ಲೇ ನರೆಯಿತು. ದೀಪಾವಳಿಯೊಳಗೆ ಏನಾದರೂ ಸಿಗದಿದ್ದರೆ ಕೇಂದ್ರ ಮುಚ್ಚುವುದೆಂದು ಮೇಲಧಿಕಾರಿಗಳು ಹೇಳಿಬಿಟ್ಟಿದ್ದರು.

ದಸರಾ ಮುಗಿದದ್ದೇ ತಡ, ಸಿಕ್ಕಿತು! ಒಂದು ನಕ್ಷತ್ರ ನೆತ್ತಿಗೆ ಬಂದಾಗಲೆಲ್ಲ ಚಟಚಟ ಸದ್ದು. ಮನುಷ್ಯರ ಸದ್ದಾದರೆ ದಿನವೂ ಅದೇ ಹೊತ್ತಿಗೆ ಬರುತ್ತದೆ. ಅಂಥದನ್ನು ನಾವು ಬಿಸಾಡುತ್ತೇವೆ. ನಕ್ಷತ್ರ ಹಾಗಲ್ಲ, ದಿನಕ್ಕೆ ನಾಲ್ಕು ನಿಮಿಷ ಮೊದಲೇ ನೆತ್ತಿಗೇರುತ್ತದೆ. ಈ ಸದ್ದೂ ಹಾಗೇ ಮೊದಲೇ ಬರತೊಡಗಿತು. ಮೇಡಂ ನನ್ನ ಕಂಬಕ್ಕೆ ಹಣೆ ಆನಿಸಿ ಅತ್ತರು. ನನಗೂ ಮೈ ಝುಮ್ಮೆಂದಿತು, ಸುಳ್ಳು ಹೇಳಲಾರೆ.

ಕೊನೆಯ ಪರೀಕ್ಷೆಗೆಂದು ನನ್ನ ಮುಖವನ್ನು ಬೇರೆ ಕಡೆ ತಿರುಗಿಸಿದರು. ಆ ನಕ್ಷತ್ರದ ದನಿಯಾದರೆ ನಿಲ್ಲಬೇಕಿತ್ತು. ನಿಲ್ಲಲಿಲ್ಲ. ಅದೇ ಹೊತ್ತಿಗೆ ನನ್ನ ಬುಡದ ಪಂಪ್‌ಹೌಸಿನಲ್ಲಿ ಮೋಟಾರು ಗುರ್ರೆಂದಿತು. ಮೇಡಂ ಅಲ್ಲಿಗೆ ಓಡಿದರು. ನೀರು ಬಿಡುವ ಓಬಳೇಶಿ ಸ್ಟಾರ್ಟರಿನ ಮುಂದೆ ನಿಂತಿದ್ದ.

"ಮೋಟ್ರು ಎಷ್ಟೊತ್ತಿಗೆ ಹಾಕ್ತೀಯೋ?"

"ದಿನಾ ಹತ್ತಕ್ಕೆ ಕಣಮ್ಮಾ. ನೀವು ಕೊಟ್ಟ ಗಡಿಯಾರ ನೋಡೇ ಹಾಕಾದು. ಒಂದಿನಾನೂ ತಪ್ಪಿಸಿಲ್ಲ."

ಗೋಡೆಯಲ್ಲಿದ್ದದ್ದು ಕೇಂದ್ರದ ಹಳೆಯ, ಇಪ್ಪತ್ತನಾಲ್ಕು ಗಂಟೆಯ ಮುಖದ ನಕ್ಷತ್ರ ಗಡಿಯಾರ. ನಕ್ಷತ್ರಗಳಿಗೆ ಹೊಂದಲೆಂದೇ ದಿನಕ್ಕೆ ನಾಲ್ಕು ನಿಮಿಷ ಮುಂದೆ ಓಡುವಂಥದು. ಆಯುಧಪೂಜೆಗೆ ಮೂಲೆ ಗುಡಿಸುವಾಗ ಸಿಕ್ಕಿದ್ದನ್ನು, ಸುಮ್ಮನೆ ಯಾಕೆ ಹಾಳಾಗಬೇಕೆಂದು ಮೇಡಮ್ಮೇ ಅವನಿಗೆ ಕೊಟ್ಟಿದ್ದರು. ಮೋಟಾರು ಹಾಕುವಾಗ ಸ್ಟಾರ್ಟರಿನಲ್ಲಿ ಹಾರುವ ಕಿಡಿಯ ಚಟಚಟವೇ ನನ್ನ ಕಿವಿಗೆ ಬಿದ್ದ ದನಿ.

ಮೇಡಂ ಬೈಯಲಿಲ್ಲ. ಗಡಿಯಾರದ ಗಾಜಿನ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿದರು.

ಕೇಂದ್ರ ಮುಚ್ಚಿತು. ನನ್ನ ರಿಸೀವರನ್ನು ಬಿಚ್ಚಿ ಒಯ್ದರು. ಪಕ್ಕದ ಹಟ್ಟಿಯ ದನಗಳಿಗೆ ನೀರು ಬೇಕಲ್ಲ, ಮೋಟಾರು ಉಳಿಯಿತು. ಮೇಡಂ ಹೊರಡುವ ದಿನ ಓಬಳೇಶಿ ಗಡಿಯಾರ ಹಿಂದಕ್ಕೆ ಕೊಡಲು ಬಂದ.

"ಇಟ್ಕೋ," ಎಂದರು ಮೇಡಂ. "ಇದರ ಹತ್ತಕ್ಕೇ ಹಾಕು."

ಈಗ ನಾನು ತುಕ್ಕು ಹಿಡಿದ ಕಬ್ಬಿಣ. ಏನೂ ಕೇಳಿಸುವುದಿಲ್ಲ, ಏನೂ ಅನ್ನಿಸುವುದಿಲ್ಲ. ಗಡಿಯಾರದ ಹತ್ತು ಕೆಲವು ತಿಂಗಳು ಹಗಲಿಗೆ ಬರುತ್ತದೆ, ಕೆಲವು ತಿಂಗಳು ನಡುರಾತ್ರಿಗೆ. ಓಬಳೇಶಿ ಗೊಣಗುತ್ತಾ ಎದ್ದು ಬರುತ್ತಾನೆ. ಮೋಟಾರು ಶುರುವಾಗಿ ನನ್ನ ಕಂಬ ಅದುರಿದಾಗ, ಆ ನಕ್ಷತ್ರ ನೆತ್ತಿಗೆ ಬಂದಿದೆಯೆಂದು ತಿಳಿಯುತ್ತದೆ.